ಕೊನೆಯ ಹಾಡಿನ ‘ಆಮೇಲೆ’

ನನ್ನ ಗಂಡ ಅನಂತನಿಗೆ ಕೋಪ ಬರುವುದಿಲ್ಲ. ಅವನ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕು. ಜಪಾನಿನ ನಗೋಯಾದಲ್ಲಿ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವವನು. ಆಫೀಸಿನಲ್ಲಿ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಎನ್ನುವ ಹಾಗಿರುತ್ತಾನೆ. ಕೈಗೆ ಮೈಕ್ ಸಿಕ್ಕಿತೋ, ರ‍್ಯಾಪ್ ಶುರು. ಅದೂ ಅವರ ಕೊಳ್ಳೇಗಾಲದ ಕನ್ನಡದಲ್ಲಿ, ‘ಏನ್ಲಾ, ಎತ್ಲಾಗ್ಲಾ’ ಅಂತ.

ಇಲ್ಲಿನ ಕನ್ನಡದವರ ಯುಗಾದಿಯಲ್ಲಿ ಅವನು ಹಾಡಿದ ವಿಡಿಯೊ ಟೋಕಿಯೊದ ನಿಶಿವಾಕಿ ಸಾನ್ ಕಣ್ಣಿಗೆ ಬಿತ್ತು. ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ. ಆತ ಅಲ್ಲಿನ ಶಿನಾಗಾವಾದ ಸಂಗೀತ ಕಂಪನಿಯೊಂದರ ಯಜಮಾನ. ‘ದಕ್ಷಿಣ ಭಾರತದ ರ‍್ಯಾಪರ್, ಜೊತೆಗೆ ಜಪಾನಿನ ಗಾಯಕರು. ಎಲ್ಲ ಮನೆಗಳಲ್ಲೂ ಕೇಳುವಂಥ ಆಲ್ಬಂ ಮಾಡೋಣ’ ಎಂದ. ಅನಂತ ಒಪ್ಪಿ ಸಹಿ ಹಾಕಿದ. ಒಂದೊಂದು ಹಾಡಿಗೂ ಒಬ್ಬೊಬ್ಬ ಜೊತೆಗಾರ. ಕೊನೆಯ ಹಾಡಿಗೆ ಮಾತ್ರ ನಮ್ಮ ಮಗಳು ಪ್ರಣತಿ.

ಎಂಟು ವರ್ಷದ ಪ್ರಣತಿ ಹುಟ್ಟಿದ್ದೇ ಇಲ್ಲಿ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಜಪಾನಿಯಲ್ಲಿ. ಬೈದರೂ ಅಷ್ಟೇ, ಮುದ್ದಿಸಿದರೂ ಅಷ್ಟೇ. ಆದರೆ ಅಪ್ಪ ಕಥೆ ಹೇಳುವಾಗ ಅವಳ ಬಾಯಿಂದ ಕನ್ನಡ ಬರುತ್ತದೆ: ‘ಆಮೇಲೆ?’ ಆ ಒಂದು ಮಾತಿನ ಆಸೆಗೆ ಅನಂತ ಕಥೆಗೆ ಬಾಲ ಹಚ್ಚುತ್ತಾ ಹೋಗುತ್ತಾನೆ. ಹಾಡನ್ನೂ ಹಾಗೆಯೇ ಕಟ್ಟಿದ. ಅವನು ತನ್ನ ಹುಡುಗಾಟದ ಕಥೆಯನ್ನು ಬಡಬಡನೆ ಹೇಳುವುದು, ನಡುನಡುವೆ ಅವಳು ‘ಆಮೇಲೆ?’ ಅನ್ನುವುದು. ರೆಕಾರ್ಡಿಂಗಿನಲ್ಲಿ ಮಗು ಎಷ್ಟು ಚೆನ್ನಾಗಿ ಹೇಳಿತು ಎಂದರೆ ನಾನು ಅಲ್ಲೇ ಅತ್ತುಬಿಟ್ಟೆ. ಸೋಮವಾರ ಇಡೀ ಕ್ಲಾಸಿಗೆ ಸುದ್ದಿ ಸಾರಿ ಬಂದಳು.

ಪ್ರತಿ ಶನಿವಾರ ಟೋಕಿಯೊದಲ್ಲಿ ರೆಕಾರ್ಡಿಂಗ್ ಮುಗಿದ ಮೇಲೆ ನಿಶಿವಾಕಿ ಸಾನ್ ಎಲ್ಲರನ್ನೂ ಊಟಕ್ಕೆ ಕರೆಯುತ್ತಿದ್ದ. ಅನಂತ ಒಮ್ಮೆ ಹೋಗಿ ಬಂದವನು ಮತ್ತೆ ಹೋಗಲಿಲ್ಲ. ಶುದ್ಧ ಸಸ್ಯಾಹಾರಿ; ಅಲ್ಲಿ ಸೊಪ್ಪಿನ ಮೇಲೂ ಒಣಮೀನಿನ ಪುಡಿ, ತಿಳಿಸಾರಿನಲ್ಲೂ ಮೀನಿನ ರಸ.

‘ಬರೀ ಅನ್ನ ಇಟ್ಕೊಂಡು ಕೂತಿದ್ರೆ ಪಾಪ, ಅವರಿಗೇ ಮುಜುಗರ ಕಣೇ. ಊಟಕ್ಕಿಲ್ಲದ ಉಪ್ಪಿನಕಾಯಿ ಥರ ನಾನ್ಯಾಕೆ?’ ಎನ್ನುತ್ತಿದ್ದ. ‘ಸುಮಿಮಾಸೆನ್’ ಎಂದು ಕ್ಷಮೆ ಕೇಳಿ, ತಲೆಬಾಗಿ ಹೊರಟು, ರೈಲಿನಲ್ಲಿ ಡಬ್ಬಿಯ ಮೊಸರನ್ನ ತಿಂದು ಮನೆಗೆ ಬರುತ್ತಿದ್ದ.

ಕೊನೆಯ ಮೀಟಿಂಗ್ ಭಾನುವಾರ ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ ನಡೆಯಿತು. ಪ್ರಣತಿ ಪಾರ್ಕಿಗೆ ಹೋಗಿದ್ದಳು. ನಾನು ಹುರುಳಿಕಾಯಿ ಹೆಚ್ಚುತ್ತಿದ್ದೆ. ನಿಶಿವಾಕಿ ಸಾನ್ ಕೊನೆಯ ಹಾಡು ಹಾಕಿದ. ಅನಂತನ ಕಥೆ ಅರ್ಧಕ್ಕರ್ಧ ಕಡಿಮೆಯಾಗಿತ್ತು. ‘ಆಮೇಲೆ?’ ಬರಬೇಕಾದ ಕಡೆಯೆಲ್ಲ ಟೀವಿಯ ಹುಡುಗಿಯೊಬ್ಬಳು ಜಪಾನಿಯಲ್ಲಿ ಏನೋ ಸವಿಸವಿಯಾಗಿ ಹಾಡುತ್ತಿದ್ದಳು.

‘ನನ್ನ ಮಗಳ ದನಿ?’ ಎಂದ ಅನಂತ.

‘ಕೇಳುವವರಿಗೆ ಅರ್ಥವಾಗುವುದಿಲ್ಲ ಎಂದು ಎಲ್ಲರ ಅಭಿಪ್ರಾಯ.’

ಅನಂತ ತನಗೆ ಬರುವ ಜಪಾನಿಯಲ್ಲೆಲ್ಲ ವಾದಿಸಿದ. ಪರದೆಯಲ್ಲಿದ್ದ ಕಂಪನಿಯವರೆಲ್ಲ ‘ಹಾಯ್, ಹಾಯ್’, ಅಂದರೆ ಹೌದು ಹೌದು, ಎಂದು ತಲೆಯಾಡಿಸುತ್ತಾ ಕೇಳಿದರು. ಇವನ ಮುಖ ಅರಳಿತು. ಮಾತು ಮುಗಿದಾಗ ನಿಶಿವಾಕಿ ಸಾನ್ ಮೆಲ್ಲಗೆ, ‘ಆದರೆ ಅನಂತ ಸಾನ್, ಇದು ಆಗಲೇ ತೀರ್ಮಾನವಾಗಿದೆಯಲ್ಲ’ ಎಂದ.

‘ಯಾವಾಗ?’

‘ಊಟದಲ್ಲಿ. ಎಷ್ಟೋ ಶನಿವಾರ ಮಾತಾಡಿದೆವು. ಬೇಡ ಎನ್ನಲು ನೀವು ಬರುತ್ತೀರೇನೋ ಎಂದು ಪ್ರತಿ ಸಲವೂ ನಿಮಗೊಂದು ಕುರ್ಚಿ ಇಟ್ಟಿದ್ದೆವು.’

ಅಯ್ಯೋ ದೇವರೇ! ಇಲ್ಲಿ ಮೀಟಿಂಗ್ ಎಂದರೆ ಆದ ಮದುವೆಗೆ ಹಾಕುವ ಅಕ್ಷತೆ. ಮಾತುಕತೆಯೆಲ್ಲ ಎಲೆಯ ಮುಂದೆ ಮುಗಿದಿರುತ್ತದೆ ಎಂದು ನಮಗೆ ಹೇಳಿದವರು ಯಾರು? ಈಳಿಗೆ ಬಿಟ್ಟು ಎದ್ದೆ.

‘ಆಚೆ ಸರಿ ನೀನು, ನಾನು ಮಾತಾಡ್ತೀನಿ.’

‘ಬೇಡ್ವೇ. ಸಹಿ ಹಾಕಿದೀನಿ. ಅವರು ಮೋಸಾನೂ ಮಾಡಿಲ್ಲ, ಯಾರನ್ನ ಬೈತೀಯ?’ ಎಂದ ಅನಂತ. ಅದೇ ನನಗೆ ಉರಿದದ್ದು. ಬೈಯಲು ಒಬ್ಬನಾದರೂ ಸಿಕ್ಕಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಮಗುವಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ನಾಳೆ, ನಾಳೆ ಅನ್ನುತ್ತಿರುವಾಗಲೇ ಒಂದು ಬೆಳಿಗ್ಗೆ ಆಲ್ಬಂ ಬಂತು. ಬೀದಿಮೂಲೆಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೋದರೂ ಅದೇ ಹಾಡು. ಆಫೀಸಿನವರು ಕೈಕುಲುಕಿದರು, ಒಸಾಕಾದಿಂದ ಗೆಳೆಯರು ಫೋನ್ ಮಾಡಿದರು. ಇವನು ಎಲ್ಲರಿಗೂ ‘ಥ್ಯಾಂಕ್ಸ್’ ಎಂದ.

ಆ ಸಂಜೆ ಪ್ರಣತಿ ಸ್ಕೂಲಿನಿಂದ ಬಂದು ಬ್ಯಾಗು ಇಳಿಸಿದಳು. ಕ್ಲಾಸಿನಲ್ಲಿ ಎಲ್ಲರೂ ಕೂತು ಆ ಹಾಡು ಕೇಳಿದರಂತೆ. ಅಳಲಿಲ್ಲ, ಜಗಳವಾಡಲಿಲ್ಲ. ಅಪ್ಪನೆದುರು ನೆಟ್ಟಗೆ ನಿಂತು, ಸ್ಕೂಲಿನಲ್ಲಿ ಕಲಿಸಿದ ಹಾಗೆ ಸೊಂಟದಿಂದ ಬಾಗಿದಳು.

‘ಸುಮಿಮಾಸೆನ್, ಅಪ್ಪಾ. ನಾನು ಚೆನ್ನಾಗಿ ಹೇಳಿಲ್ಲ.’

ಮೊದಲ ಪದ ಬಿಟ್ಟರೆ ಪೂರ್ತಿ ಕನ್ನಡದ ಮಾತು. ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದೆವು. ಅನಂತ ಅವಳನ್ನು ಎಳೆದು ತಬ್ಬಿಕೊಂಡ. ‘ಇಲ್ಲ ಕಂದಾ, ನೀನು ಚೆನ್ನಾಗೇ ಹೇಳಿದ್ದೆ. ಏನಾಯ್ತು ಅಂದ್ರೆ... ಶನಿವಾರ ಅವರೆಲ್ಲ ಊಟಕ್ಕೆ ಹೋಗ್ತಿದ್ರಾ...’ ಎಂದು ಶುರು ಮಾಡಿ ನಿಲ್ಲಿಸಿದ. ರೂಢಿಯಂತೆ ಅವಳ ಮುಖ ನೋಡಿದ.

ಅವಳು ‘ಆಮೇಲೆ?’ ಅನ್ನಲಿಲ್ಲ.