ಅಮೀನಗಡದ ಸೈತಾನ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿಯುವವರೆಗೆ ನಮ್ಮವ್ವ ಸಿಹಿ ಮುಟ್ಟುತ್ತಿರಲಿಲ್ಲ. ಎಪ್ಪತ್ತರ ದಶಕದ ಒಂದು ವರ್ಷ, ಇನ್ನೂ ಶಾಲೆಗೆ ಹೋಗುವ ಹುಡುಗಿ ನಾನು, ಹಟ ಹಿಡಿದು ಅವಳ ಜೊತೆ ಸಿಹಿ ಬಿಟ್ಟೆ. ಸೈತಾನ ಸಿಹಿ ತೋರಿಸಿಯೇ ಹತ್ತಿರ ಬರುತ್ತಾನೆ ಎಂದು ಇಳಕಲ್ಲಿನ ನಮ್ಮ ಫಾದರ್ ಹೇಳಿದ್ದರು.

ಆ ದಿನಗಳಲ್ಲೇ ಒಮ್ಮೆ, ಅವ್ವ ಮತ್ತು ನಾನು ಬಾಗಲಕೋಟೆಗೆ ಹೊರಟ ಬಸ್ಸು ಅಮೀನಗಡದಲ್ಲಿ ನಿಂತಾಗ ನೀರು ಕೇಳಿಕೊಂಡು ಒಂದು ಕರದಂಟಿನ ಅಂಗಡಿಗೆ ಹೋದೆವು. ಹಣೆ ತುಂಬ ವಿಭೂತಿಯ ಅಜ್ಜ ತಂಬಿಗೆ ಕೊಟ್ಟು, ನನ್ನ ಅಂಗೈಯಲ್ಲಿ ಬೆಲ್ಲ, ಅಂಟಿನ ಸಿಹಿ ಕರದಂಟಿನ ಒಂದು ತುಂಡು ಇಟ್ಟ.

"ಬರೇ ನೀರು ಕುಡೀಬಾರದವಾ, ಬಾಯಾಗ ಹಾಕ್ಕೋ."

ನಾನು ಅದನ್ನು ಹಲಗೆಯ ಮೇಲೆ ಎಸೆದೆ. "ಇದು ಸೈತಾನಂದು. ನನಗ ಬ್ಯಾಡ."

ಅಜ್ಜನ ಮುಖ ಸಣ್ಣದಾಯಿತು. ಅವ್ವ ಆ ತುಂಡನ್ನು ಎತ್ತಿಕೊಂಡು ಅವನೆದುರೇ ನಿಧಾನವಾಗಿ ತಿಂದಳು. "ಭಾಳ ಚಲೋ ಐತ್ರಿ" ಎಂದಳು.

ಬಸ್ಸಿನಲ್ಲಿ ನಾನು ಬುಸುಗುಟ್ಟಿದೆ. "ಯವ್ವಾ, ನೀ ನೇಮ ಮುರದಿ."

"ಹೂಂ, ಮುರದೆ. ದೇವ್ರು ಅದಕ್ಕ ಸಿಟ್ಟಾಗಂಗಿಲ್ಲ. ಆ ಅಜ್ಜನ ಮಾರಿ ನೋಡಿ ಆಗ್ತಾನ."

ಆ ಸಂಜೆಯ ಪ್ರಾರ್ಥನೆಯಲ್ಲಿ, ತಿಂದ ಒಂದು ತುಂಡಿಗಾಗಿ ಅವ್ವ ಕ್ಷಮೆ ಕೇಳಿದಳು. ನಾನು ಏನನ್ನೂ ಕೇಳಲಿಲ್ಲ. ನನ್ನ ನೇಮ ಗಟ್ಟಿಯಾಗಿತ್ತಲ್ಲ. ಸೈತಾನ ಮೊದಲು ದೇವದೂತನಾಗಿದ್ದ, ತಾನೇ ಮೇಲೆಂಬ ಗರ್ವದಿಂದ ಬಿದ್ದ ಎಂದೂ ಅದೇ ಫಾದರ್ ಹೇಳಿದ್ದರು. ಆ ಮಾತು ನನ್ನ ಕಿವಿಯಲ್ಲಿ ಉಳಿದಿರಲಿಲ್ಲ.

ಅಜ್ಜನ ಮುಖ ಮಾತ್ರ ಉಳಿಯಿತು. ಈಗಲೂ ಕರದಂಟು ಕಂಡರೆ ಕಣ್ಣು ತಪ್ಪಿಸುತ್ತೇನೆ. ಅಂದು ಆ ಅಂಗಡಿಯಲ್ಲಿ ಸೈತಾನ ಇದ್ದದ್ದು ನಿಜ. ನೀರು ಕೇಳಿಕೊಂಡು ಬಂದಿದ್ದ.