ಕಪಾಟಿನ ಹಿಂದಿನ ಗೋಡೆ

ಹೊಟ್ಟೆಕಿಚ್ಚು ನನಗೆ ಮೊದಲಿನಿಂದಲೂ ಇತ್ತೋ, ನನ್ನ ಕೆಲಸದವಳು ನನ್ನನ್ನು ಬಿಟ್ಟು ಸ್ವಂತ ಕೆಲಸ ಶುರು ಮಾಡಿದ ಮೇಲೆ ಬಂತೋ ಹೇಳಲಾರೆ. ನೀರು ನುಗ್ಗಿದ ಮನೆಗಳನ್ನು ಒಣಗಿಸಿ ಸರಿಮಾಡಿಕೊಡುವುದು ನನ್ನ ಕಸುಬು. ಶಾರ್ಜಾದಲ್ಲಿ ಹನ್ನೊಂದು ವರ್ಷ ಅದನ್ನೇ ಮಾಡಿ, ಯಂತ್ರಗಳನ್ನು ಹೊತ್ತು ತಂದು ನಮ್ಮ ಪೆರ್ಲ ಪೇಟೆಯಲ್ಲಿ ಅಂಗಡಿ ಹಾಕಿದೆ. ತೇವ ಹೀರುವ ಯಂತ್ರ, ದೊಡ್ಡ ಬ್ಲೋವರು, ಗೋಡೆಗೆ ಎರಡು ಸೂಜಿ ಚುಚ್ಚಿದರೆ ಒಳಗೆಷ್ಟು ಒದ್ದೆಯೆಂದು ತೋರಿಸುವ ಮೀಟರು, ಎಲ್ಲವೂ ನನ್ನ ಹತ್ತಿರ ಇದ್ದವು. ಅವಳ ಹತ್ತಿರ ಇದ್ದದ್ದು ಒಂದು ಪೈಂಟಿಂಗ್ ಬ್ರಶ್ಶು. ಹತ್ತಿರದ ಬಾಯಾರು ಊರಿನಿಂದ ಬಸ್ಸಿನಲ್ಲಿ ಬಂದು ಮೂರು ವರ್ಷ ನನ್ನ ಕೈಕೆಳಗೆ ದುಡಿದಳು. ಗೋಡೆ ಒಣಗಿದೆಯೇ ಎಂದು ತಿಳಿಯಲು ಅವಳು ಮೀಟರು ಕೇಳುತ್ತಿರಲಿಲ್ಲ, ಕೆನ್ನೆ ಆನಿಸಿ ನೋಡುತ್ತಿದ್ದಳು. ನಾನು ನಗುತ್ತಿದ್ದೆ.

ಅವಳು ಬಿಟ್ಟು ಹೋದದ್ದು ನನ್ನ ಮನೆಯ ಗೋಡೆಯ ದೆಸೆಯಿಂದಲೇ. ಪೈಪು ಒಡೆದು ಮಲಗುವ ಕೋಣೆ ನೆನೆದಿತ್ತು. ಆ ಭಾನುವಾರ ಹೆಂಡತಿಯ ಅಣ್ಣಂದಿರು ಊಟಕ್ಕೆ ಬರುವವರಿದ್ದರು. ನನ್ನ ಕಸುಬನ್ನು ಗೇಲಿ ಮಾಡುವವರ ಮುಂದೆ ನನ್ನದೇ ಗೋಡೆ ಕಲೆ ಬಿದ್ದು ನಿಲ್ಲಬಾರದಲ್ಲ!

"ಇದು ಒಣಗಲಿಲ್ಲ. ಈಗ ಪೈಂಟ್ ಬಳಿದರೆ ಗುಳ್ಳೆ ಬರ್ತದೆ," ಎಂದಳು ಅವಳು, ಗೋಡೆಗೆ ಕೆನ್ನೆ ಆನಿಸಿ.

"ಹೇಳಿದಷ್ಟು ಮಾಡು," ಎಂದೆ.

ಬಳಿದಳು. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ತಿಂಗಳೊಳಗೆ ಗುಳ್ಳೆ ಎದ್ದಿತು. ನಾನೂ ಹೆಂಡತಿಯೂ ಸೇರಿ ಕಬ್ಬಿಣದ ಕಪಾಟನ್ನು ಎಳೆದು ಅದಕ್ಕೆ ಅಡ್ಡ ಇಟ್ಟೆವು.

ಕಳೆದ ಆಟಿ ತಿಂಗಳ ಜಡಿಮಳೆಗೆ ಹೊಳೆ ಉಕ್ಕಿ, ಹೊಳೆಬದಿಯ ಬ್ಯಾರಿ ಸಮುದಾಯದ ವ್ಯಾಪಾರಿಯೊಬ್ಬರ ಮನೆಗೆ ಮೊಣಕಾಲೆತ್ತರ ನೀರು ನುಗ್ಗಿತು. ಎರಡು ತಿಂಗಳಲ್ಲಿ ಅವರ ಮಗಳ ಮದುವೆ. ಅವರು ನನ್ನನ್ನೂ ಅವಳನ್ನೂ ಕರೆಸಿದರು. ಆ ಮನೆಯ ಕೆಲಸ ಸಿಕ್ಕಿದರೆ ಕರಾವಳಿಯ ಕೆಲಸವೆಲ್ಲ ನನ್ನ ಕೈಗೆ ಬರುತ್ತದೆಂದು ನನಗೆ ಖಾತ್ರಿಯಿತ್ತು. ಇಪ್ಪತ್ತು ದಿನದಲ್ಲಿ ಒಣಗಿಸಿ, ಪೈಂಟ್ ಹೊಡೆದು ಕೊಡುತ್ತೇನೆಂದೆ. ಅವಳು ಗೋಡೆಗೆ ಕೆನ್ನೆಯಿಟ್ಟು, "ಸೊಂಟದವರೆಗೆ ಸಿಮೆಂಟು ಕೆತ್ತಿ ತೆಗೀಬೇಕು. ಮದುವೆಗೆ ಮೊದಲು ಪೈಂಟ್ ಆಗ್ಲಿಕ್ಕಿಲ್ಲ," ಎಂದಳು. ನಾನು ಒಳಗೊಳಗೇ ಕುಣಿದೆ. ಮದುವೆ ಮನೆಗೆ ಇಂಥ ಮಾತು ಹೇಳುವವಳಿಗೆ ಯಾರು ಕೆಲಸ ಕೊಡುತ್ತಾರೆ?

ಅವಳಿಗೇ ಕೊಟ್ಟರು. "ಆಗದ್ದನ್ನು ಆಗುವುದಿಲ್ಲ ಅಂತ ಹೇಳಿದ್ದು ಅವಳೊಬ್ಬಳೇ ಮಾರಾಯ," ಎಂದರು ಆ ವ್ಯಾಪಾರಿ. ಒಂದು ವಾರ ಅನ್ನ ರುಚಿಸಲಿಲ್ಲ. ಆ ಕಡೆ ಹೋದಾಗಲೆಲ್ಲ ಸ್ಕೂಟರು ನಿಲ್ಲಿಸಿ ಇಣುಕಿದೆ. ಮಳೆ ಬಂದರೆ ಕಿಟಕಿ ಮುಚ್ಚಿ, ಬಿಸಿಲು ಬಂದರೆ ತೆರೆದು, ನಾಲ್ಕು ಟೇಬಲ್ ಫ್ಯಾನು ತಿರುಗಿಸುತ್ತಿದ್ದಳು, ಅಷ್ಟೆ. ಆ ಗೋಡೆ ಒಣಗದೇ ಇರಲಿ ಎಂದು ನಾನು ಬೇಡಿಕೊಂಡದ್ದು ಸುಳ್ಳಲ್ಲ.

ಮದುವೆಗೆ ನನಗೂ ಕರೆಯಿತ್ತು. ಮೀಟರನ್ನು ಜೇಬಿಗೆ ಹಾಕಿಕೊಂಡೇ ಹೋದೆ. ಸಿಮೆಂಟು ಕೆತ್ತಿದ ಗೋಡೆಯಲ್ಲಿ ಕೆಂಪು ಮುರಕಲ್ಲು ಬರಿಮೈಯಲ್ಲಿ ನಿಂತಿತ್ತು. ಕಲ್ಲಿನ ಬಣ್ಣ ಚಂದ ಉಂಟೆಂದು ಗಲ್ಫಿನಿಂದ ಬಂದ ನೆಂಟರು ಅದರ ಮುಂದೆಯೇ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎಲ್ಲರೂ ಬಿರಿಯಾನಿಗೆ ಎದ್ದ ಮೇಲೆ ಮೂಲೆಗೆ ಹೋಗಿ, ಕಲ್ಲಿನ ಸಂದಿಗೆ ಸೂಜಿ ಚುಚ್ಚಿದೆ. ಹಸಿರು ದೀಪ ಬಂತು. ಇನ್ನೊಂದು ಕಡೆ ಚುಚ್ಚಿದೆ. ಅಲ್ಲಿಯೂ ಹಸಿರು.

"ಎಂತ ಹೇಳ್ತದೆ ನಿಮ್ಮ ಮೀಟರು?"

ಅವಳು ಹಿಂದೆ ನಿಂತಿದ್ದಳು. ಮದುವೆ ಮನೆಯವರು ಕೊಟ್ಟ ಹೊಸ ಸೀರೆ ಉಟ್ಟಿದ್ದಳು. ನನಗೆ ಎಲ್ಲಿಯಾದರೂ ಅಡಗಿಕೊಳ್ಳೋಣ ಅನಿಸಿತು.

"ಒಣಗಿದೆ," ಎಂದೆ.

ಗೇಲಿ ಮಾಡುತ್ತಾಳೆಂದು ಕಾದೆ. ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

"ನಿಮ್ಮ ಮನೆಯ ಗೋಡೆ ಹೇಗುಂಟು ಈಗ?" ಎಂದು ಕೇಳಿದಳು.

"ಚೆನ್ನಾಗುಂಟು."

"ಒಮ್ಮೆ ಬಂದು ನೋಡ್ತೇನೆ. ಅದನ್ನು ಬಳಿದದ್ದು ನಾನಲ್ವಾ? ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ."

ಹೊಸ ಸೀರೆಗೂ, ಕೈತಪ್ಪಿದ ಕೆಲಸಕ್ಕೂ ಅಷ್ಟು ಉರಿದಿರಲಿಲ್ಲ. ಈ ಮಾತಿಗೆ ಹೊಟ್ಟೆ ಉರಿಯಿತು. ಬರುವುದು ಬೇಡ ಎಂದೆ. ಊಟ ಮಾಡದೆ ಮನೆಗೆ ಬಂದು, ಹಿಂದಿನ ಗೋಡೆಯನ್ನು ನೋಡಬೇಕೆಂದು ಕಪಾಟಿಗೆ ಹೆಗಲು ಕೊಟ್ಟು ತಳ್ಳಿದೆ. ಒಬ್ಬನಿಂದ ಅದು ಕದಲಲಿಲ್ಲ.