ಗಿಳಿ ತಿರುಗಿ ಹೇಳಿದ್ದು

ಅವಳಿಗೆ ಗಿಳಿ ಎಂದು ಹೆಸರು ಬಿದ್ದದ್ದು ಕಾಲೇಜು ಸೇರಿದ ಮೊದಲ ವಾರದಲ್ಲೇ. "ನಾಳೆ ಹತ್ತಕ್ಕೆ ಲ್ಯಾಬು, ಎರಡನೇ ಮಹಡಿ" ಎಂದು ಮೇಷ್ಟ್ರು ಹೇಳಿದರು. "ನಾಳೆ ಹತ್ತಕ್ಕೆ, ಎರಡನೇ ಮಹಡಿ" ಎಂದು ಅವಳ ಬಾಯಿ ತನ್ನಷ್ಟಕ್ಕೆ ಒಪ್ಪಿಸಿಬಿಟ್ಟಿತು. ಹದಿನೆಂಟರ ಹುಡುಗರು ಬೆಂಚು ಕುಟ್ಟಿ ನಕ್ಕರು. ಇಪ್ಪತ್ತೊಂಬತ್ತರ ಅವಳು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹುಡುಕಿದಳು.

ಅದು ವಿಮಾನ ಹಾರಿಸುವವರ ರೂಢಿ. ವಿಮಾನ ನಿಲ್ದಾಣದ ನಿಯಂತ್ರಣ ಗೋಪುರದಿಂದ ಬಂದ ಸೂಚನೆಯನ್ನು ಚಾಚೂ ತಪ್ಪದೆ ತಿರುಗಿ ಹೇಳಬೇಕು. ಅಲ್ಲಿಂದ "ಸರಿ" ಎಂದು ಬಂದ ಮೇಲೆಯೇ ನಿಶ್ಚಿಂತೆ. ಕಾಲೇಜಿಗೆ ಬರುವ ಮುಂಚೆ, ಹಾರಾಟ ಕಲಿಯುವಾಗ ಒಮ್ಮೆ ಸುಮ್ಮನಿದ್ದದ್ದಕ್ಕೆ ಅವಳ ಗುರು ವಿಮಾನ ಇಳಿಸಿ, ಬಿಸಿಲಲ್ಲಿ ನಿಲ್ಲಿಸಿ ಬೈದಿದ್ದರು: "ಕೇಳಿಸ್ತು ಅಂದ್ರೆ ಸಾಲದು. ತಿರುಗಿ ಹೇಳ್ದೇ ಇದ್ದೋರ ಹಾರ ಹಾಕಿದ ಫೋಟೋ ಆಫೀಸಿನ ಗೋಡೆ ಮೇಲಿದೆ, ಹೋಗಿ ನೋಡು." ನೋಡಿ ಬಂದಿದ್ದಳು.

ಲೈಸೆನ್ಸು ಕೈಗೆ ಬಂತು, ಕೆಲಸ ಬರಲಿಲ್ಲ. ವಿಮಾನ ಕಂಪನಿಗೆ ಪದವಿಯೂ ಬೇಕು. ವಯಸ್ಸು ಮೂವತ್ತೊಂದು ದಾಟಿದ ಹೊಸಬರು ಬೇಡ. ಬಸ್ಸು ಓಡಿಸುವ ಅಪ್ಪ ನಕ್ಕಿದ್ದ: "ನಂಗೆ ಯಾರೂ ಡಿಗ್ರಿ ಕೇಳ್ಲಿಲ್ಲ ಕಣಮ್ಮ. ಬ್ರೇಕ್ ಎಲ್ಲಿದೆ ಅಂತ ಕೇಳಿದ್ರು, ಅಷ್ಟೇ." ವಿಮಾನಯಾನದ ಪದವಿ ಮೂರು ವರ್ಷದ್ದು. ಲೈಸೆನ್ಸು ಇದ್ದವರಿಗೆ ಒಂದು ವರ್ಷ ವಿನಾಯಿತಿ ಉಂಟು, ಮೇಷ್ಟ್ರು ಸಹಿ ಹಾಕಿದರೆ. ಎರಡರಲ್ಲಿ ಮುಗಿದರೆ ಆಕಾಶ ಅವಳದು, ಮೂರಾದರೆ ಇಲ್ಲ.

ಮೇಷ್ಟ್ರು ಇಪ್ಪತ್ತು ವರ್ಷದಿಂದ ಹಾರಾಟದ ಪಾಠ ಮಾಡುತ್ತಿದ್ದರು; ಒಮ್ಮೆಯೂ ಹಾರಿಸಿದವರಲ್ಲ. ಅವಳು ತಿರುಗಿ ಹೇಳಿದಾಗಲೆಲ್ಲ, ಅಣಕಿಸುತ್ತಿದ್ದಾಳೆಂದು ಅವರ ಕಿವಿ ಕೆಂಪಾಗುತ್ತಿತ್ತು.

ಅರ್ಜಿ ಹಿಡಿದು ಅವರ ಕೋಣೆಗೆ ಹೋದ ದಿನ ಗುಮಾಸ್ತನೂ ಅಲ್ಲೇ ಟೀ ಕುಡಿಯುತ್ತ ಕೂತಿದ್ದ. ಮೇಜಿನ ಮೇಲೆ ಮೇಷ್ಟ್ರ ಬಿಸಿ ಟೀ, ಬಾಲ ಮುರಿದು ಟೇಪು ಸುತ್ತಿದ ಆಟಿಕೆ ವಿಮಾನ.

"ಸಹಿ ತಾನೇ? ಹಾಕ್ತೀನಿ." ಮೇಷ್ಟ್ರು ಪೆನ್ನು ಬಿಚ್ಚಿದರು. "ಐದು ನಿಮಿಷ ನಾನು ಏನು ಹೇಳಿದ್ರೂ ಬಾಯಿ ಮುಚ್ಕೊಂಡು ನಿಲ್ಲು. ಗಿಳಿ ಅಲ್ಲ, ಮನುಷ್ಯಳು ಅಂತ ತೋರಿಸು ನೋಡೋಣ."

ಗುಮಾಸ್ತ ಖುಷಿಯಿಂದ ಗಡಿಯಾರ ನೋಡಿಕೊಂಡ.

"ಎಡಕ್ಕೆ ತಿರುಗು."

ಅವಳು ಹಲ್ಲು ಕಚ್ಚಿದಳು.

"ಎರಡು ಸಾವಿರ ಅಡಿಗೆ ಇಳಿ."

ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದಳು. ಕಣ್ಣಲ್ಲಿ ನೀರಾಡಿತು, ತುಟಿ ಬಿಚ್ಚಲಿಲ್ಲ. ಇನ್ನೂ ಏನೇನೋ ಹೇಳಿ ನೋಡಿದರು.

"ನಾಲ್ಕು ನಿಮಿಷ ಆಯ್ತು ಸಾರ್," ಎಂದ ಗುಮಾಸ್ತ. "ಗಿಳಿ ಗೆದ್ದುಬಿಡುತ್ತೆ."

ಮೇಷ್ಟ್ರು ಆಟಿಕೆ ವಿಮಾನವನ್ನೆತ್ತಿ, ಅವಳ ಮುಖವನ್ನೇ ನೋಡುತ್ತ, ಮೆಲ್ಲಗೆ ಮೇಜಿನತ್ತ ಇಳಿಸಿದರು. ಥಟ್ಟನೆ ಕೂಗಿದರು: "ರನ್‌ವೇ ಮೇಲೆ ಇನ್ನೊಂದು ವಿಮಾನ ಇದೆ! ಇಳೀಬೇಡ, ಮೇಲೇಳು!"

"ಇಳಿಯಲ್ಲ, ಮೇಲೇಳ್ತಿದೀನಿ!"

ಹೇಳಿದ್ದು ತನ್ನ ಕಿವಿಗೇ ಬಿದ್ದಾಗ ಅವಳ ಬಲಗೈ ಮುಂದಕ್ಕೆ ಚಾಚಿತ್ತು, ಎಂಜಿನ್ನಿಗೆ ವೇಗ ಕೊಡುವ, ಅಲ್ಲಿಲ್ಲದ ಹಿಡಿಯೊಂದನ್ನು ತಳ್ಳುತ್ತ. ಗುಮಾಸ್ತ ನಕ್ಕ ರಭಸಕ್ಕೆ ಟೀ ಅಂಗಿಯ ಮೇಲೆ ಚೆಲ್ಲಿತು. ಮೇಷ್ಟ್ರು ನಗಲಿಲ್ಲ, ಪೆನ್ನು ಮುಚ್ಚಿದರು.

"ಮೂರು ವರ್ಷ ಪೂರ್ತಿ ಕೂತು ಓದು."

"ಮೂರು ವರ್ಷ ಪೂರ್ತಿ," ಎಂದಳು.

ಎಂದು, ರೂಢಿಯಂತೆ, ಆ ಕಡೆಯಿಂದ ಬರಬೇಕಾದ "ಸರಿ"ಗಾಗಿ ಕಾದು ನಿಂತಳು. ಮೇಷ್ಟ್ರು ಊದಿ ಊದಿ ಟೀ ಆರಿಸಿಕೊಳ್ಳುತ್ತಿದ್ದರು.